ಓದುಗರ ಸ್ಪಂದನ: ಮನೆಯಲ್ಲೇ ಕುಳಿತು ಡಾಕ್ಟರೇಟ್ ಮಾಡಬಹುದೇ?

ಕಳೆದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು ತಮ್ಮ ಸಂದಿಗ್ಧವನ್ನು ನಮ್ಮೆಲ್ಲರ ಮುಂದಿಟ್ಟಿದ್ದರು. ಅವರಿಗೆ ನಲವತ್ತೊಂದು ವರ್ಷ. ಶಿಕ್ಷಣಶಾಸ್ತ್ರದಲ್ಲಿ ಎಂ.ಎ. ಮಾಡಿ, ಖಾಸಗಿ ಶಾಲೆಯೊಂದರ ಎಲ್‌ಕೆಜಿ, ಯುಕೆಜಿ ವಿಭಾಗವನ್ನು ಹದಿನಾರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಶಿಶುಶಿಕ್ಷಣದಲ್ಲಿ ಡಾಕ್ಟರೇಟ್ ಪಡೆದರೆ ಪ್ರಾಂಶುಪಾಲರ ಹುದ್ದೆಗೆ ಪರಿಗಣಿಸುವುದಾಗಿ ಆಡಳಿತ ಮಂಡಳಿ ಹೇಳಿದೆ. ವಿದೇಶಿ ವಿಶ್ವವಿದ್ಯಾಲಯವೊಂದರ ಹೆಸರಿನಲ್ಲಿ ಇಲ್ಲಿನ ಕಂಪನಿಯೊಂದು ಎರಡೂವರೆ ವರ್ಷದಲ್ಲಿ ಕೊಡಿಸುವುದಾಗಿ ಹೇಳುವ ಆನ್‌ಲೈನ್ ಪದವಿ, ಅಮೆರಿಕದ ವಿಶ್ವವಿದ್ಯಾಲಯವೊಂದು ನೇರವಾಗಿ ನಡೆಸುವ ಆನ್‌ಲೈನ್ ಇಡಿಡಿ (ಶಿಕ್ಷಣ ವೃತ್ತಿಯಲ್ಲಿರುವವರಿಗಾಗಿ ಇರುವ ಡಾಕ್ಟರೇಟ್ ಪದವಿ), ಸುಮಾರು 120 ಕಿ.ಮೀ. ದೂರದ ಮೈಸೂರಿನಲ್ಲಿ ಅರೆಕಾಲಿಕ ಪಿಎಚ್.ಡಿ. – ಈ ಮೂರರಲ್ಲಿ ಯಾವುದು ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯವರಿದ್ದಾರೆ, ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆ.

ಬಂದ ಪತ್ರಗಳೆಲ್ಲವನ್ನೂ ಪ್ರಕಟಿಸಲು ಸ್ಥಳವಿಲ್ಲ. ಕಾನೂನು ಏನು ಹೇಳುತ್ತದೆಂಬುದು ಮೊದಲು ಸ್ಪಷ್ಟವಾಗಲಿ ಎಂದು ಧಾರವಾಡದ ನಿವೃತ್ತ ಪ್ರಾಧ್ಯಾಪಕಿಯೊಬ್ಬರ ಪತ್ರದಿಂದ ಆರಂಭಿಸುತ್ತಿದ್ದೇವೆ.

*

ನಿಮ್ಮ ಮೊದಲನೆಯ ಆಯ್ಕೆಯನ್ನು ಆಯ್ಕೆ ಎಂದೇ ಎಣಿಸಬೇಡಿ. ದೂರಶಿಕ್ಷಣದ ಮೂಲಕ ಪಿಎಚ್.ಡಿ. ಕೊಡುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರ ನಿಯಮಾವಳಿಯಲ್ಲೇ ಹೇಳಿತ್ತು; 2022ರ ನವೆಂಬರಿನ ನಿಯಮಾವಳಿಯಲ್ಲಿ ಆನ್‌ಲೈನ್ ಪದ್ಧತಿಗೂ ಅದೇ ನಿಷೇಧ ಅನ್ವಯವಾಗಿದೆ. ವಿದೇಶಿ ಸಂಸ್ಥೆಗಳ ಜೊತೆಗೂಡಿ ಕಂಪನಿಗಳು ನಡೆಸುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಅದಕ್ಕೂ ಕೆಲವು ದಿನ ಮೊದಲೇ, ಅಕ್ಟೋಬರ್ ಕೊನೆಯಲ್ಲಿ, ಯುಜಿಸಿ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಒಟ್ಟಾಗಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದ್ದವು.

ಅರೆಕಾಲಿಕ ಪಿಎಚ್.ಡಿ.ಗೆ ಮಾತ್ರ ಅದೇ ನಿಯಮಾವಳಿ ಬಾಗಿಲು ತೆರೆದಿಟ್ಟಿದೆ. ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆಂದೂ, ಪಿಎಚ್.ಡಿ.ಯ ಆರಂಭದ ಪಾಠಗಳಿಗೆ (ಕೋರ್ಸ್‌ವರ್ಕ್) ಅಗತ್ಯಬಿದ್ದರೆ ನಿಮ್ಮನ್ನು ಬಿಡುಗಡೆ ಮಾಡುತ್ತೇವೆಂದೂ ಅದರಲ್ಲಿ ಬರೆದಿರಬೇಕು. ಹುದ್ದೆಯ ಆಸೆ ತೋರಿಸಿರುವ ಆಡಳಿತ ಮಂಡಳಿ ಈ ಒಂದು ಕಾಗದಕ್ಕೆ ಸಹಿ ಹಾಕುತ್ತದೆಯೇ ಎಂದು ಮೊದಲು ಕೇಳಿ ನೋಡಿ. ಅವರ ಮಾತಿನ ತೂಕ ಅಲ್ಲೇ ಗೊತ್ತಾಗುತ್ತದೆ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ರಿಯಾಯಿತಿ ಇದೆ. ಎಂ.ಎ.ಯಲ್ಲಿ ಶೇ 55 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ 50. ಎರಡೂವರೆ ವರ್ಷದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿ.

ಇನ್ನೊಂದು ಮಾತು. ಶಿಶುಶಿಕ್ಷಣ ಎಂಬ ಹೆಸರಿನ ವಿಭಾಗವನ್ನೇ ಹುಡುಕುತ್ತಾ ನಿರಾಶರಾಗಬೇಡಿ. ನಮ್ಮಲ್ಲಿ ಈ ವಿಷಯದ ಸಂಶೋಧನೆ ಬಹುಪಾಲು ಶಿಕ್ಷಣ ವಿಭಾಗದ ಅಡಿಯಲ್ಲೋ, ಗೃಹವಿಜ್ಞಾನದ ಮಾನವ ಅಭಿವೃದ್ಧಿ ವಿಭಾಗದ ಅಡಿಯಲ್ಲೋ ನಡೆಯುತ್ತದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿದ ಮೇಲೆ ಈ ವಿಷಯಕ್ಕೆ ಎರಡೂ ಕಡೆ ಬೆಲೆ ಬಂದಿದೆ.

– ಮಾನವ ಅಭಿವೃದ್ಧಿ ವಿಷಯದ ನಿವೃತ್ತ ಪ್ರಾಧ್ಯಾಪಕಿ, ಧಾರವಾಡ

*

ಮುಂದಿನದು ಈ ವಾರ ಬಂದ ಅತ್ಯಂತ ಚಿಕ್ಕ ಪತ್ರ.

*

ತಮ್ಮ ಪತ್ರದಲ್ಲಿ ಬಡ್ತಿ ಎಂಬ ಮಾತು ಮೂರು ಸಲ ಬಂದಿದೆ, ಕಂತು ಎಂಬುದು ಎರಡು ಸಲ. ಮಕ್ಕಳ ಸುದ್ದಿ ಒಮ್ಮೆಯೂ ಇಲ್ಲ. ಯಾವ ಪದವಿಯೂ ತಮಗೆ ಬೇಡ.

– ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ

*

ಪತ್ರಬರಹಗಾರ್ತಿಗೆ ಇಲ್ಲಿ ಅನ್ಯಾಯವಾಗಿದೆ, ಅದರಲ್ಲಿ ನಮ್ಮ ಪಾಲೂ ಇದೆ. ತಮ್ಮ ತರಗತಿಯ ಮಕ್ಕಳ ಬಗ್ಗೆ ಅವರು ಬರೆದಿದ್ದ ಒಂದೂವರೆ ಪುಟವನ್ನು ಸ್ಥಳಾಭಾವದಿಂದ ನಾವೇ ಕೈಬಿಟ್ಟಿದ್ದೆವು. ಬಿಡಬಾರದಿತ್ತು ಎಂದು ಈಗ ಅನ್ನಿಸುತ್ತಿದೆ.

ಕೆಳಗಿನ ಪತ್ರವನ್ನು ಕತ್ತರಿಸದೆ ಕೊಡುತ್ತಿದ್ದೇವೆ. ಬರೆದವರು ಹೆಸರು ಬೇಡವೆಂದು ಕೋರಿದ್ದಾರೆ.

*

ಸೋದರಿ, ನಿಮ್ಮ ಪತ್ರವನ್ನು ಒಮ್ಮೆ ಓದಿ ಪತ್ರಿಕೆಯನ್ನು ಮಡಚಿಟ್ಟವಳು ಮತ್ತೆ ತೆರೆಯಲು ನಾಲ್ಕು ದಿನ ತೆಗೆದುಕೊಂಡೆ. ನೀವು ಮೊದಲನೆಯದಾಗಿ ಬರೆದಿರುವ ದಾರಿಯಲ್ಲೇ ನಾನು 2017ರಲ್ಲಿ ಹೊರಟವಳು. ಆಗ ದಾವಣಗೆರೆಯ ಶಿಶುವಿಹಾರವೊಂದರಲ್ಲಿ ಕಲಿಸುತ್ತಿದ್ದೆ. ಕಂಪನಿಯ ಕಡೆಯ ಹುಡುಗ ಬಹಳ ವಿನಯವಂತ. ಪ್ರವೇಶ ಶುಲ್ಕವನ್ನು ಕಟ್ಟುವ ಮೊದಲೇ ಫೋನಿನಲ್ಲಿ ನನ್ನನ್ನು ‘ಡಾಕ್ಟರ್ ಮೇಡಂ’ ಎಂದು ಕರೆಯುತ್ತಿದ್ದ. ಹೇಳಲು ನಾಚಿಕೆಯಾಗುತ್ತದೆ, ಅದು ನನಗೆ ಹಿತವಾಗಿತ್ತು. ಮೊದಲ ಎರಡು ಕಂತುಗಳನ್ನು ನನ್ನ ಬಳೆ ಅಡವಿಟ್ಟು ಕಟ್ಟಿದೆ. ಉಳಿದದ್ದನ್ನು ಗುಮಾಸ್ತರಾಗಿ ನಿವೃತ್ತರಾಗಿದ್ದ ನನ್ನ ತಂದೆ ತಮ್ಮ ಗ್ರಾಚುಟಿಯಿಂದ ಕೊಟ್ಟರು.

ನಾನು ಆರಿಸಿಕೊಂಡ ವಿಷಯ ಸುಳ್ಳಿನದಾಗಿರಲಿಲ್ಲ ಎಂಬುದನ್ನು ದಯವಿಟ್ಟು ನಂಬಿ. ನಮ್ಮ ಶಿಶುವಿಹಾರಕ್ಕೆ ತಾಂಡಾದಿಂದ ಬರುತ್ತಿದ್ದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಿದ್ದರು, ನಾವು ಅವರಿಗೆ ಕನ್ನಡದಲ್ಲಿ ಹಾಡು ಹೇಳಿಕೊಡುತ್ತಿದ್ದೆವು, ಅವರ ಪಾಲಕರು ಇಂಗ್ಲಿಷಿಗಾಗಿ ಶುಲ್ಕ ಕಟ್ಟುತ್ತಿದ್ದರು. ಈ ಮೂರು ಭಾಷೆಗಳ ನಡುವೆ ನಾಲ್ಕು ವರ್ಷದ ಮಗು ನೀರು ಬೇಕೆಂದು ಯಾವ ಭಾಷೆಯಲ್ಲಿ ಕೇಳುತ್ತದೆ, ಯಾರ ಹತ್ತಿರ ಕೇಳುತ್ತದೆ, ಕೇಳದೆ ಯಾವಾಗ ಸುಮ್ಮನಿರುತ್ತದೆ ಎಂಬುದನ್ನು ಎರಡು ವರ್ಷ ಕೂತು ಬರೆದುಕೊಂಡೆ. ಮೂವತ್ತೆಂಟು ಮಕ್ಕಳ ಮಾತಿನ ಧ್ವನಿಮುದ್ರಣ ಈಗಲೂ ನನ್ನ ಬಳಿ ಇದೆ.

ನನ್ನ ಮಾರ್ಗದರ್ಶಕರನ್ನು ಪರದೆಯ ಮೇಲೆ ಒಟ್ಟು ನಾಲ್ಕು ಸಲ ಕಂಡೆ. ಅವರಿಗೆ ಲಂಬಾಣಿ ಒಂದು ಭಾಷೆಯೋ, ಊರೋ ಎಂಬುದೂ ತಿಳಿದಿರಲಿಲ್ಲ. ತಿಳಿಯದಿದ್ದರೆ ತಪ್ಪಿಲ್ಲ, ಅವರು ಕೇಳಲೇ ಇಲ್ಲ ಎಂಬುದು ತಪ್ಪು. ಇನ್ನೂರ ಹತ್ತು ಪುಟಗಳ ಪ್ರಬಂಧವನ್ನು ಕಳಿಸಿದೆ. ಹನ್ನೊಂದನೆಯ ದಿನ ಅಂಗೀಕಾರವಾಯಿತು. ಒಂದು ಅಲ್ಪವಿರಾಮವನ್ನೂ ಯಾರೂ ತಿದ್ದಿರಲಿಲ್ಲ. ಆ ದಿನ ಸಿಹಿ ಹಂಚಿದೆನಾದರೂ, ನನ್ನ ಬರಹವನ್ನು ಯಾರೂ ಓದಿಲ್ಲ ಎಂಬುದು ನನಗೆ ಆ ಸಂಜೆಯೇ ಗೊತ್ತಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತಂದೆಯವರು ಹಿತ್ತಾಳೆಯ ಫಲಕ ಮಾಡಿಸಿ, ತಾವೇ ಸ್ಕ್ರೂ ತಿರುಗಿಸಿ ಬಾಗಿಲಿಗೆ ಹಾಕಿದರು. 2021ರಲ್ಲಿ ಬಿ.ಇಡಿ. ಕಾಲೇಜೊಂದರ ಸಂದರ್ಶನಕ್ಕೆ ಹೋದಾಗ, ಸಮಿತಿಯಲ್ಲಿದ್ದ ಹಿರಿಯ ಮಹಿಳೆಯೊಬ್ಬರು ನನ್ನ ಪ್ರಮಾಣಪತ್ರವನ್ನು ನೋಡಿ, ಕಡತವನ್ನು ಮೆಲ್ಲನೆ ಮುಚ್ಚಿ, ‘ಇದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲಮ್ಮ’ ಎಂದರು. ಗದರಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ಮನೆಗೆ ಬಂದು ಫಲಕವನ್ನು ತೆಗೆಯಬೇಕೆಂದುಕೊಂಡೆ, ತಂದೆ ವರಾಂಡದಲ್ಲಿ ಕೂತಿದ್ದರು, ತೆಗೆಯಲಿಲ್ಲ. ಮರುವರ್ಷ ಅವರು ತೀರಿಕೊಂಡರು. ಅವರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಬಿಚ್ಚಿ ಒಳಗಿಟ್ಟೆ; ಬಾಗಿಲಿನಲ್ಲಿ ನಾಲ್ಕು ತೂತುಗಳಿವೆ.

ನೀವು ಕೇಳಿದ್ದು ಯಾವ ವಿಶ್ವವಿದ್ಯಾಲಯ ಎಂದು. ನನಗೆ ಅದು ಗೊತ್ತಿಲ್ಲ. ನೀವು ಬರೆದದ್ದನ್ನು ಓದಿ, ಇದು ಸರಿಯಿಲ್ಲ, ಮತ್ತೆ ಬರೆದು ತನ್ನಿ ಎನ್ನುವವರು ಎಲ್ಲಿ ಸಿಗುತ್ತಾರೋ ಅಲ್ಲಿಗೆ ಹೋಗಿ.

– ಹೆಸರು ಬೇಡ, ದಾವಣಗೆರೆ ಜಿಲ್ಲೆ

*

ಆ ಧ್ವನಿಮುದ್ರಣಗಳ ಬಗ್ಗೆ ಧಾರವಾಡದ ಪ್ರಾಧ್ಯಾಪಕಿಯವರೊಡನೆ ನಾವು ಮಾತನಾಡಿದೆವು. ದಾವಣಗೆರೆಯವರಿಗೆ ಅವರು ಪ್ರತ್ಯೇಕವಾಗಿ ಬರೆಯುತ್ತಿದ್ದಾರೆ.

ಆದರೆ ಆನ್‌ಲೈನ್ ಎಂದೊಡನೆ ಎಲ್ಲವೂ ಒಂದೇ ಅಲ್ಲ ಎಂಬ ನ್ಯಾಯವಾದ ಆಕ್ಷೇಪ ನ್ಯೂಜೆರ್ಸಿಯಿಂದ ಬಂದಿದೆ.

*

ನಾನು ಶಿಶುಶಿಕ್ಷಣದಲ್ಲಿ ಇಡಿಡಿ ಮಾಡಿದ್ದು ಆನ್‌ಲೈನಿನಲ್ಲೇ, ಮಕ್ಕಳ ಆರೈಕೆ ಕೇಂದ್ರವೊಂದನ್ನು ನಡೆಸುತ್ತಾ. ನನ್ನ ಪ್ರಬಂಧವನ್ನು ಐದು ಸಲ ತಿರುಗಿಸಿ ಕಳಿಸಿದರು. ಇಡಿಡಿಯನ್ನು ಪಿಎಚ್.ಡಿ.ಯ ಬಡ ತಂಗಿ ಎಂದು ಊರಿನಲ್ಲಿ ಭಾವಿಸುವುದುಂಟು; ಹಾಗಲ್ಲ. 1920ರಲ್ಲಿ ಹಾರ್ವರ್ಡ್ ತನ್ನ ಶಿಕ್ಷಣ ಶಾಲೆಯನ್ನು ತೆರೆದಾಗ ಆರಂಭಿಸಿದ ಪದವಿ ಇದು, ತಾನು ಕೆಲಸ ಮಾಡುವ ಜಾಗದ ಸಮಸ್ಯೆಯನ್ನೇ ಸಂಶೋಧಿಸುವವರಿಗೆ ಹೊಂದುವಂಥದ್ದು.

ಹಾಗೆಂದು ಕಣ್ಣು ಮುಚ್ಚಿ ಸೇರಬೇಡಿ. ಮಾನ್ಯತೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ಮಾನ್ಯತೆ ಕೊಟ್ಟ ಸಂಸ್ಥೆಗೇ ಮಾನ್ಯತೆ ಇದೆಯೇ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಿ, ಏಕೆಂದರೆ ನಕಲಿ ಪದವಿಯ ಅಂಗಡಿಗಳಿರುವಂತೆ ನಕಲಿ ಮಾನ್ಯತೆಯ ಅಂಗಡಿಗಳೂ ಇವೆ. ಶುಲ್ಕವನ್ನು ಕ್ರೆಡಿಟ್ ಲೆಕ್ಕದಲ್ಲಿ ಹೇಳುತ್ತಾರೆ, ಆದರೆ ಪಾಠಗಳು ಮುಗಿದ ಮೇಲೆ ಪ್ರಬಂಧ ಬರೆಯುವ ಪ್ರತಿಯೊಂದು ಅವಧಿಗೂ ಮತ್ತೆ ಕಟ್ಟಬೇಕಾಗುವುದುಂಟು. ಪಾಠಗಳನ್ನೆಲ್ಲ ಮುಗಿಸಿ ಪ್ರಬಂಧ ಮಾತ್ರ ಮುಗಿಯದೆ ನಿಂತುಹೋದವರನ್ನು ಇಲ್ಲಿ ಎಬಿಡಿ ಎನ್ನುತ್ತಾರೆ. ನನ್ನ ಜೊತೆ ಸೇರಿದವರಲ್ಲಿ ಅಂಥವರು ಕಡಿಮೆಯಿರಲಿಲ್ಲ. ಮಕ್ಕಳ ಮೇಲಿನ ಸಂಶೋಧನೆಯಾದ್ದರಿಂದ ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಮಂಡಳಿ ಒಪ್ಪುವವರೆಗೆ ಒಂದು ಮಗುವನ್ನೂ ಮಾತನಾಡಿಸುವಂತಿಲ್ಲ. ಪಾಲಕರ ಲಿಖಿತ ಒಪ್ಪಿಗೆ ಬೇಕು, ಅದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಬರೆದಿರಬೇಕು. ಇಲ್ಲಿನ ಪೂರ್ವ ಕರಾವಳಿಯ ಸಂಜೆ ಏಳರ ತರಗತಿ ಹಾಸನದಲ್ಲಿ ಬೆಳಗಿನ ಜಾವ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಎಂಬುದೂ ನೆನಪಿರಲಿ.

ಈ ಪದವಿಯನ್ನು ಭಾರತದಲ್ಲಿ ಎಲ್ಲಿ ಬಳಸುತ್ತೀರೋ ಅಲ್ಲಿಂದ, ಒಪ್ಪುತ್ತೇವೆ ಎಂಬ ಮಾತನ್ನು ಬರಹದಲ್ಲಿ ಪಡೆಯದೆ ಒಂದು ಡಾಲರನ್ನೂ ಕಟ್ಟಬೇಡಿ.

– ಮಕ್ಕಳ ಆರೈಕೆ ಕೇಂದ್ರದ ನಿರ್ದೇಶಕಿ, ನ್ಯೂಜೆರ್ಸಿ

*

ಹಲವರು ಪದವಿಯ ವಿಷಯ ಬಿಟ್ಟು ಅತ್ತೆಯವರ ವಿಷಯವನ್ನೇ ಬರೆದಿದ್ದಾರೆ. ಹಾಸಿಗೆ ಹಿಡಿದ ಹಿರಿಯರನ್ನು ಬಿಟ್ಟು ಓದಲು ಹೋಗುವುದು ಸಲ್ಲದೆಂದು ಬರೆದ ಏಳು ಮಂದಿಯಲ್ಲಿ ಆರು ಮಂದಿ ಗಂಡಸರು. ಅವರೆಲ್ಲರ ಪರವಾಗಿ ಒಂದನ್ನು ಆರಿಸುವ ಬದಲು, ಕುಂದಾಪುರದ ಎಪ್ಪತ್ತೆಂಟು ವರ್ಷದವರೊಬ್ಬರ ಪತ್ರವನ್ನು ಕೊಡುತ್ತಿದ್ದೇವೆ.

*

ನಾನು ಅಂಥದ್ದೇ ಅತ್ತೆ. ಸೊಂಟದ ಮೂಳೆ ಮುರಿದು ಎರಡು ವರ್ಷವಾಯಿತು. ಸೊಸೆ ಮಂಗಳೂರಿಗೆ ಹೋಗಿ ಓದುತ್ತಿದ್ದಾಗ ಗಂಜಿ ತಡವಾದದ್ದುಂಟು, ಅದರಿಂದ ಪ್ರಾಣವೇನೂ ಹೋಗಲಿಲ್ಲ. ಆ ದಿನಗಳಲ್ಲಿ ಮಗ ಒಗ್ಗರಣೆ ಹಾಕಲು ಕಲಿತ. ನಿಮ್ಮ ಅತ್ತೆಯವರನ್ನೇ ಒಮ್ಮೆ ಕೇಳಿ ಮಗಳೇ. ಪತ್ರದಲ್ಲಿ ಅವರ ಮಾತೊಂದೂ ಇಲ್ಲವಲ್ಲ.

– ಕುಂದಾಪುರ

*

ಅರೆಕಾಲಿಕ ಪಿಎಚ್.ಡಿ.ಯ ಹಾದಿಯೂ ಹೂವಿನದಲ್ಲ ಎನ್ನುವುದನ್ನು ಮುಚ್ಚಿಡುವುದು ಸರಿಯಲ್ಲ. ರಾಯಚೂರಿನ ಈ ಶಿಕ್ಷಕರು ಆ ಹಾದಿಯನ್ನು ಕೊನೆಯವರೆಗೆ ನಡೆದವರು.

*

ನನಗೆ ಏಳು ವರ್ಷ ಹಿಡಿಯಿತು. ಮೊದಲ ಗೈಡ್ ಮೂರನೆಯ ವರ್ಷ ನಿವೃತ್ತರಾದರು, ಎರಡನೆಯವರು ಶೀರ್ಷಿಕೆಯಿಂದಲೇ ತಿದ್ದಲು ಶುರುಮಾಡಿದರು. ಈಗಿನ ನಿಯಮದಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಆದರೂ ನೀವು ಮುಗಿಸಲು ಆರು ವರ್ಷ ಬೇಕಾಗಬಹುದೆಂದು ಲೆಕ್ಕ ಹಾಕಿ, ಅವರ ಸೇವೆ ಎಷ್ಟು ಉಳಿದಿದೆ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಪ್ರಾಧ್ಯಾಪಕರಿಗೆ ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳೆಂಬ ಮಿತಿ ಇದೆ. ಎಂಟನೆಯವರಾಗಿ ಸೇರುವುದಕ್ಕೂ ಎರಡನೆಯವರಾಗಿ ಸೇರುವುದಕ್ಕೂ ವ್ಯತ್ಯಾಸವಿದೆ. ಶೋಧಗಂಗಾ ಜಾಲತಾಣದಲ್ಲಿ ಅವರ ಕೈಕೆಳಗೆ ಬಂದ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಎರಡನ್ನಾದರೂ ಪೂರ್ತಿ ಓದಿ ಆಮೇಲೆ ಅವರ ಬಾಗಿಲು ತಟ್ಟಿ. ನಾನು ಹಾಗೆ ಮಾಡಿರಲಿಲ್ಲ.

– ಪ್ರೌಢಶಾಲಾ ಶಿಕ್ಷಕ, ರಾಯಚೂರು

*

ಕೊನೆಯದು ತಿ. ನರಸೀಪುರ ತಾಲ್ಲೂಕಿನಿಂದ ಇನ್‌ಲ್ಯಾಂಡ್ ಪತ್ರದಲ್ಲಿ ಬಂದಿದೆ. ನಾವು ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ. ಆದರೂ ಹಾಸನದ ಓದುಗರು ಎಲ್ಲಕ್ಕಿಂತ ಮೊದಲು ಇದನ್ನು ಓದಲೆಂದು ನಮ್ಮ ಆಸೆ.

*

ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ. ಹಾಗಾಗಿ ಪಿಎಚ್.ಡಿ. ಮಾಡುವವರು ನಮ್ಮ ಕಡೆ ಬರುತ್ತಲೇ ಇರುತ್ತಾರೆ. ತೂಕ, ಎತ್ತರ, ಹಾಜರಿ ಬರೆದುಕೊಂಡು ಹೋಗುತ್ತಾರೆ. ಇಪ್ಪತ್ತಾರು ವರ್ಷಗಳ ನನ್ನ ಕೆಲಸದಲ್ಲಿ, ನಮಗೆ ಕಂಡದ್ದು ಇಷ್ಟು ಎಂದು ತಿರುಗಿ ಬಂದು ಹೇಳಿದವರು ಒಬ್ಬರೂ ಇಲ್ಲ.

ನನ್ನದೊಂದು ಪ್ರಶ್ನೆ ಇದೆ. ಹೋದ ವರ್ಷ ಒಬ್ಬ ಹುಡುಗ ಮೂರು ತಿಂಗಳು ಬಾಯಿ ಬಿಡಲಿಲ್ಲ. ಚಿಲಿಪಿಲಿ ಪುಸ್ತಕದ ಚಟುವಟಿಕೆ ಮಾಡಿಸುವಾಗಲೆಲ್ಲ ಕಿಟಕಿಯ ಹತ್ತಿರ ಬೆನ್ನು ಮಾಡಿ ಕೂರುತ್ತಿದ್ದ. ಭಾಗವಹಿಸಿಲ್ಲ ಎಂದು ನಾನು ಗುರುತು ಹಾಕುತ್ತಾ ಹೋದೆ. ಒಂದು ದಿನ ಸಹಾಯಕಿಯ ಪಕ್ಕದಲ್ಲಿ ಕೂತು ಮೂರು ತಿಂಗಳಲ್ಲಿ ಹೇಳಿಕೊಟ್ಟ ಎಲ್ಲ ಹಾಡನ್ನೂ ಒಂದಾದ ಮೇಲೊಂದು ಹಾಡಿದ. ಹಾಗಾದರೆ ನಾನು ಹಾಕಿದ ಗುರುತೆಲ್ಲ ತಪ್ಪೇ? ಮೇಲ್ವಿಚಾರಕಿಯವರನ್ನು ಕೇಳಿದೆ, ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಸುಮ್ಮನಿರುವ ಮಗು ಏನು ಕಲಿಯುತ್ತಿರುತ್ತದೆ ಎಂದು ನಿಮ್ಮ ಡಾಕ್ಟರೇಟಿನಲ್ಲಿ ಕಂಡುಹಿಡಿಯುತ್ತೀರಾದರೆ ನನ್ನ ಹಳೆಯ ಪುಸ್ತಕಗಳನ್ನೆಲ್ಲ ಕೊಡುತ್ತೇನೆ.

ಮೈಸೂರಿಗೆ ಬಂದಾಗ ನಮ್ಮ ಕೇಂದ್ರಕ್ಕೆ ಬನ್ನಿ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲೇ ಬಂದರೆ ಒಳ್ಳೆಯದು, ಆಮೇಲೆ ಅಡುಗೆಯ ಹೊತ್ತು, ಮಾತಾಡಲು ಆಗುವುದಿಲ್ಲ.

– ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು

*

ಈ ಕೇಂದ್ರದ ವಿಳಾಸವನ್ನು ಹಾಸನಕ್ಕೆ ಕಳಿಸಿದ್ದೇವೆ. ಕಳೆದ ಬಾರಿ ನಾವು ಕೈಬಿಟ್ಟಿದ್ದ ಒಂದೂವರೆ ಪುಟ ಮುಂದಿನ ಸಂಚಿಕೆಯಲ್ಲಿ ಪ್ರಕಟವಾಗಲಿದೆ.