ಸಹಾಯ ಬೇಕು: ಜಾನ್ ಹೊವಾರ್ಡ್ ಲಾಸನ್ ಅವರ ಎರಡು ನಾಟಕಗಳ ಪಠ್ಯ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಎಡಪಂಥೀಯ ನಾಟಕಕಾರ, ಚಿತ್ರಕಥೆಗಾರ ಜಾನ್ ಹೊವಾರ್ಡ್ ಲಾಸನ್ (1894–1977) ಅವರ ಕುರಿತು ನಮ್ಮ ರಂಗತಂಡದ ಓದುಕೂಟಕ್ಕೆ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದು, ತಮ್ಮ ನೆರವು ಕೋರುತ್ತಿದ್ದೇನೆ.

1947ರ ಅಕ್ಟೋಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯೆದುರು ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವದ ಪ್ರಶ್ನೆಗೆ ನೇರ ಉತ್ತರ ಕೊಡದೆ, ಅಧ್ಯಕ್ಷರು ಸುತ್ತಿಗೆ ಬಡಿಯುತ್ತಿದ್ದರೂ ದನಿಯೇರಿಸಿ ವಾದಿಸಿದ ಅವರನ್ನು ಸಾಕ್ಷಿಯ ಸ್ಥಾನದಿಂದ ಎಬ್ಬಿಸಿ ಕರೆದೊಯ್ದ ಪ್ರಸಂಗ, ಆಮೇಲಿನ ಸೆರೆವಾಸ, ಸ್ಟುಡಿಯೋಗಳು ಕೆಲಸ ಕೊಡದಂತೆ ಹೊರಗಿಟ್ಟ ‘ಕಪ್ಪುಪಟ್ಟಿ’ ಇವೆಲ್ಲ ಹಲವರಿಗೆ ಗೊತ್ತಿರುವಂಥದ್ದೇ. (ಆ ಅಧ್ಯಕ್ಷರೇ ಮುಂದೆ ವಂಚನೆಯ ಪ್ರಕರಣದಲ್ಲಿ ಜೈಲು ಸೇರಿದ್ದು ಬೇರೆ ಮಾತು.) ನನಗೆ ಬೇಕಿರುವುದು ಅದಕ್ಕೂ ಹಿಂದಿನದು: ಗಣಿ ಕಾರ್ಮಿಕರ ಮುಷ್ಕರವನ್ನು ಜಾಜ್ ಸಂಗೀತ, ವಾಡ್‌ವಿಲ್ (ಹಾಡು-ಕುಣಿತ-ನಗೆಯ ಬಿಡಿ ತುಣುಕುಗಳ ರಂಗಪ್ರದರ್ಶನ) ಹಾಸ್ಯಗಳೊಂದಿಗೆ ಬೆಸೆದ ‘ಪ್ರೊಸೆಷನಲ್’ (1925), ಹಾಗೆಯೇ ‘ಮಾರ್ಚಿಂಗ್ ಸಾಂಗ್’ (1937) ನಾಟಕಗಳ ಪೂರ್ಣ ಪಠ್ಯ. ಅವರು ಬರೆದ ಚಿತ್ರಗಳಲ್ಲಿ, ಸ್ಪೇನಿನ ಅಂತರ್ಯುದ್ಧದ ಕಥೆಯಾದರೂ ಕಾದಾಡಿದ ಯಾವ ಬಣದ ಹೆಸರನ್ನೂ ಎತ್ತದ ‘ಬ್ಲಾಕೇಡ್’ (1938) ಚಿತ್ರವನ್ನೂ, ‘ಸಹಾರಾ’ವನ್ನೂ (1943) ನೋಡಿದ್ದೇನೆ, ರಂಗದ ಮೇಲಿನ ಧೈರ್ಯ ಸ್ಟುಡಿಯೋದೊಳಗೆ ಎಷ್ಟು ಉಳಿಯಿತೆಂಬುದನ್ನು ನಾಟಕ ಓದದೆ ಬರೆಯುವುದು ನ್ಯಾಯವಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡಿಗರು ಇವು ಓದಲು ದೊರೆಯುವ ಮಾರ್ಗವನ್ನು ದಯವಿಟ್ಟು ತಿಳಿಸಬೇಕು. ಇಲ್ಲಿಯೇ ಯಾರ ಬಳಿಯಾದರೂ ಹಳೆಯ ಪ್ರತಿಯಿದ್ದರೆ ಕೆಲವು ದಿನಗಳ ಮಟ್ಟಿಗೆ ಎರವಲು ಕೊಡಿ. ಅಂಚೆ ವೆಚ್ಚ ನನ್ನದು, ಪುಸ್ತಕವನ್ನು ಜೋಪಾನವಾಗಿ ಹಿಂದಿರುಗಿಸುತ್ತೇನೆ.