ಸಹಾಯ ಬೇಕು: 4294967297ರ ಅಪವರ್ತನ ಮಕ್ಕಳಿಗೆ ವಿವರಿಸುವುದು ಹೇಗೆ?

ಗಣಿತ ಬಲ್ಲವರಿಗೆ ನಮಸ್ಕಾರ. ಹತ್ತನೇ ತರಗತಿ ಮಕ್ಕಳಿಗೆ 4294967297ರ, ಅಂದರೆ 2³² + 1ರ ಬಗ್ಗೆ ಪಾಠ ಮಾಡಬೇಕಿದೆ. ಇದು ಅವಿಭಾಜ್ಯ ಸಂಖ್ಯೆ ಎಂದೇ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದ.

641ರಿಂದ ಭಾಗವಾಗುತ್ತದೆ ಅನ್ನೋದನ್ನು ಬೋರ್ಡ್ ಮೇಲೆ ತೋರಿಸಬಹುದು. 641 = 5×2⁷ + 1, ಹಾಗೆಯೇ 641 = 5⁴ + 2⁴. ಮೊದಲನೆಯದರಿಂದ 5⁴×2²⁸ − 1, ಎರಡನೆಯದರಿಂದ 5⁴×2²⁸ + 2³², ಎರಡೂ 641ರಿಂದ ಭಾಗವಾಗುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ನಮ್ಮ ಸಂಖ್ಯೆಯೇ ಕೈಗೆ ಬರುತ್ತದೆ. ಎಷ್ಟು ಚೆಂದ ಅಲ್ವಾ!

ಆದರೆ 641 ಹೊಳೆದದ್ದು ಹೇಗೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಇದರ ಅವಿಭಾಜ್ಯ ಅಪವರ್ತನಗಳೆಲ್ಲ 64k + 1 ರೂಪದಲ್ಲೇ ಇರಬೇಕು (k ಒಂದು ಪೂರ್ಣಾಂಕ). ಹಾಗಾಗಿ ಆ ರೂಪದ ಅವಿಭಾಜ್ಯ ಸಂಖ್ಯೆಗಳಾದ 193, 257, 449, 577 ಪರೀಕ್ಷಿಸಿದ ಮೇಲೆ 641 ಸಿಕ್ಕೇಬಿಡುತ್ತದೆ. ಈ 64 ಎಲ್ಲಿಂದ ಬಂತು ಅಂತ ಹೇಳುವಲ್ಲೇ ನಾನು ನಿಂತಿರೋದು. ಚಿಕ್ಕ ಉದಾಹರಣೆಯಾಗಿ 17 ತೆಗೆದುಕೊಂಡೆ: 2ರ ಘಾತಗಳನ್ನು 17ರಿಂದ ಭಾಗಿಸಿದರೆ ಶೇಷ 2, 4, 8, 16, 15, 13, 9, 1, ಆಮೇಲೆ ಮತ್ತೆ ಅದೇ ಸುತ್ತು. ಸುತ್ತಿನ ಉದ್ದ 8. ಅದು 16ನ್ನು, ಅಂದರೆ 17 − 1ನ್ನು, ಸರಿಯಾಗಿ ಭಾಗಿಸುತ್ತದೆ. ಹಾಗೆಯೇ ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನ p ಆದರೆ, 2ರ ಘಾತಗಳನ್ನು pಯಿಂದ ಭಾಗಿಸಿದಾಗ ಬರುವ ಸುತ್ತಿನ ಉದ್ದ 64.

ಸುತ್ತಿನ ಉದ್ದ ಯಾವಾಗಲೂ p − 1ನ್ನು ಭಾಗಿಸಲೇಬೇಕು ಅನ್ನೋದನ್ನು ಗ್ರೂಪ್ ಥಿಯರಿ (ಕಾಲೇಜು ಮಟ್ಟದ ಬೀಜಗಣಿತ) ಇಲ್ಲದೆ, ಶೇಷಗಳ ಪಟ್ಟಿಯಲ್ಲೇ ತೋರಿಸುವ ದಾರಿ ಇದೆಯಾ? ತರಗತಿಯಲ್ಲಿ ಕಲಿಸಿದ ಅನುಭವ ಇರುವವರು ದಯವಿಟ್ಟು ಬರೆಯಿರಿ. ಹಾಳೆ ಮೇಲೆ ಬರೆದು ಫೋಟೋ ಹಾಕಿದರೂ ಸಾಕು.