ಅಪ್‌ಡೇಟ್: ಬೇಗೂರು ಶಾಸನದ ಅಕ್ಷರಗಳು ಫೋಟೋದಲ್ಲಿ ಮೂಡಿದವು

ಗುಂಪಿನೊಂದಿಗೆ ಬೆಂಗಳೂರಿನ ಬೇಗೂರು ನಾಗೇಶ್ವರ ದೇವಸ್ಥಾನಕ್ಕೆ ಹೋದಾಗ ಸವೆದ ಶಾಸನವನ್ನು ಓದಲು ಬರುವಂತೆ ಫೋಟೋ ತೆಗೆಯೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಗೆದ್ದದ್ದು ಓರೆ ಬೆಳಕಿನ ಸಲಹೆ: ಕಪ್ಪು ಕೊಡೆಯಿಂದ ಬಿಸಿಲು ತಡೆದು, ಫ್ಲ್ಯಾಶ್ ಆರಿಸಿ, ಟಾರ್ಚನ್ನು ಕಲ್ಲಿಗೆ 10–15 ಡಿಗ್ರಿ ಕೋನದಲ್ಲಿ ಬಿಡಬೇಕು. ಒಂದೇ ಕಡೆಯಿಂದ ಬಿಟ್ಟರೆ ಸಾಲದು; ಪಕ್ಕದ ಬೆಳಕಿಗೆ ಲಂಬ ಗೆರೆ ಮೂಡುತ್ತೆ, ತಲೆಕಟ್ಟಿನಂಥ ಅಡ್ಡಗೆರೆ ಮೇಲಿನಿಂದ ಬಿಟ್ಟಾಗಲೇ ಕಾಣೋದು. ನೀರು ಚಿಮುಕಿಸೋ ಉಪಾಯ ದಂಡ, ಕಲ್ಲು ಕಪ್ಪಾಗಿ ಮಿಂಚುತ್ತೆ ಅಷ್ಟೆ. ಹಿಟ್ಟು, ಸೀಮೆಸುಣ್ಣ ಬೇಡವೇ ಬೇಡ; ಪುಡಿ ಕಲ್ಲಿನ ರಂಧ್ರದಲ್ಲೇ ಕೂರುತ್ತೆ.

ಅಚ್ಚರಿ ಅಂದ್ರೆ, 'ಬೆಂಗಳೂರು ಕಾಳಗ' ಹೇಳುವ ಸುಮಾರು 890ರ ಶಾಸನ ಬೇಗೂರಲ್ಲೇ ಇದೆ. ಯುದ್ಧದೃಶ್ಯ ತುಂಬಿದ ಅಲ್ಲಿನ ಪ್ರಸಿದ್ಧ ವೀರಗಲ್ಲು ಮಾತ್ರ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಹೋಗುವ ಮುನ್ನ ತೆರೆದಿದೆಯಾ ವಿಚಾರಿಸಿ.